ಬಾರದವರದು ಒಪ್ಪಿಗೆ

ರಾಜ್ಯಕ್ಕೆ ನಾಲ್ಕು ಮೂಲಾಂಶಗಳು ಬೇಕು: ಜನ, ಭೂಮಿ, ಸರ್ಕಾರ ಮತ್ತು ಪರಮಾಧಿಕಾರ. ನಾನು ಕಂಡಿಕೆಗೆ ನೂಲು ಸುತ್ತುತ್ತ ಇದನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದರೆ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ನನ್ನ ಅತ್ತೆ ವೀರವ್ವ ಲಾಳಿ ನಿಲ್ಲಿಸಿ ಕೇಳುತ್ತಿದ್ದಳು.

“ನಾಕರಾಗ ನಾವು ಯಾವುದು, ನೀಲಾ?”

“ಜನ ನಾವ್ರಿ.”

“ಅಷ್ಟನ? ಉಳಿದ ಮೂರು ಯಾರ ಮನ್ಯಾಗ ಅದಾವು?”

ಹೀಗೆ ಚುಡಾಯಿಸುವುದು ಅವಳ ಚಟ. ನಾನು ಚಿಕ್ಕನರಗುಂದದ ಮಗಳು. ನರಗುಂದದಲ್ಲಿ ಪಿಯುಸಿ ಮುಗಿಸಿ, ಮದುವೆಯಾಗಿ ಈ ಊರಿಗೆ ಬಂದು ಮಗ್ಗದ ಕೆಲಸ ಕಲಿತೆ. ಆಮೇಲೆ ಹಟ ಹಿಡಿದು ಮನೆಯಲ್ಲಿ ಕೂತೇ ಬಿ.ಎ. ಪರೀಕ್ಷೆಗೆ ಕಟ್ಟಿದೆ. ಗಂಡ ಮಹಾದೇವಪ್ಪ ಗಜೇಂದ್ರಗಡ ರೋಣದ ನಡುವೆ ಟಂಟಂ ಗಾಡಿ ಹೊಡೆಯುತ್ತಾನೆ. ಓದಲೇ ಅಂದರೂ ಹೂಂ ಅಂದ, ಬಿಡಲೇ ಅಂದರೂ ಹೂಂ ಅಂದ. ಪುಸ್ತಕಕ್ಕೆ ರೊಕ್ಕ ಕೊಟ್ಟವಳು ಅತ್ತೆ. ಕೊಟ್ಟ ತಪ್ಪಿಗೆ ಪಾಠ ಅವಳೂ ಕೇಳಬೇಕಾಯಿತು. ಸರ್ಕಾರವೇ ಇಲ್ಲದ ಕಾಲದಲ್ಲಿ ಮನುಷ್ಯರು ಒಂದೆಡೆ ಕೂಡಿ, ತಮ್ಮ ಸ್ವಾತಂತ್ರ್ಯದಲ್ಲಿ ಒಂದಿಷ್ಟು ಬಿಟ್ಟುಕೊಟ್ಟು, ರಾಜ್ಯವನ್ನು ಮಾಡಿಕೊಂಡರು ಎಂಬ ಪಾಠ ಓದಿದ ದಿನ, ಕೂಡಿದವರಲ್ಲಿ ಹೆಂಗಸರು ಇದ್ದರೇನು ಎಂದು ಕೇಳಿದಳು. ಪುಸ್ತಕದಾಗ ಬರದಿಲ್ರಿ ಅಂದೆ.

“ರೊಟ್ಟಿ ಬಡ್ಯಾಕತ್ತಿರಬೇಕು, ಬಿಡು,” ಎಂದು ಮತ್ತೆ ಲಾಳಿ ಒಗೆದಳು.

ಊರ ಹೆಸರು ಹೇಳುವುದಿಲ್ಲ, ಇನ್ನೂ ಅಲ್ಲೇ ಬಾಳಬೇಕಾದವಳು ನಾನು. ಗಜೇಂದ್ರಗಡದಿಂದ ರೋಣದ ದಾರಿ ಹಿಡಿದರೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಣ್ಮರೆಯಾಗುವ ಮೊದಲೇ ಬರುತ್ತದೆ. ಎರೆಹೊಲದ ಊರು. ನೇಕಾರರು ಐದೇ ಮನೆ, ಎಲ್ಲ ಒಂದೇ ಓಣಿ. ಓಣಿಯ ಕೊನೆಯ ಮನೆ ನೂಲಿಗೆ ಬಣ್ಣ ಹಾಕುವ ಮುರ್ತುಜಾಸಾಬ ಮತ್ತು ಅವನ ಹೆಂಡತಿ ಕಾಶೀಂಬಿಯದು. ಓಣಿಯ ಮುಂದೆ ಒಂದು ಬಯಲು. ನಾನು ಹೇಳಬೇಕಾದದ್ದೆಲ್ಲ ಆ ಬಯಲಿನದು.

ಸೀರೆ ನೇಯುವುದೆಂದರೆ ಮಗ್ಗದ ಮುಂದೆ ಕೂತು ಲಾಳಿ ಓಡಿಸುವುದು ಎಂದು ಉಡುವವರು ತಿಳಿದಿದ್ದಾರೆ. ಅದಕ್ಕೂ ಮೊದಲು ಹಾಸು ತಯಾರಾಗಬೇಕು. ಹಾಸೆಂದರೆ ಸೀರೆಯ ಉದ್ದದ ಎಳೆಗಳು. ಅವನ್ನು ಬೆಳಗಿನ ತಂಪಿನಲ್ಲಿ ಬಯಲಿನ ಈ ತುದಿಯಿಂದ ಆ ತುದಿಗೆ ಎಳೆದು ಬಿಗಿದು, ಗಂಜಿ ಹಚ್ಚಿ, ಎರಡೂ ಬದಿಗೆ ನಿಂತು, ಉದ್ದಕ್ಕೂ ನಡೆಯುತ್ತ ಕುಂಚದಿಂದ ಬಾಚಬೇಕು. ಆರುವ ತನಕ ಬಾಚುತ್ತಲೇ ಇರಬೇಕು. ನಡುವೆ ಬಿಟ್ಟರೆ ಎಳೆಗೆ ಎಳೆ ಅಂಟಿಕೊಂಡು ಒಣಗುತ್ತದೆ. ಬಿಡಿಸಲು ಹೋದರೆ ಹರಿಯುತ್ತದೆ, ಮತ್ತೆ ತೊಯ್ಯಿಸಿದರೂ ಮೊದಲಿನ ಹಾಸು ಆಗುವುದಿಲ್ಲ. ಒಂದು ಮನೆಯ ಕೈಗಳಿಗೆ ನೀಗುವ ಕೆಲಸವಲ್ಲ. ಯಾರ ಹಾಸು ಬಿದ್ದರೂ ಓಣಿಯ ಹೆಂಗಸರೆಲ್ಲ ಹೋಗಬೇಕು. ಮಾತು ಬಿಟ್ಟವರೂ ಹೋಗಿ ಎದುರುಬದುರು ನಿಂತು ಬಾಚಬೇಕು. ಇದನ್ನು ಯಾರು ಗೊತ್ತುಮಾಡಿದರೋ ಯಾರಿಗೂ ತಿಳಿಯದು. ಪುಸ್ತಕದ ಸಾಮಾಜಿಕ ಒಪ್ಪಂದ ನನಗೆ ತಿಳಿದದ್ದು ಅಲ್ಲಿ ಕುಂಚ ಹಿಡಿದು ನಿಂತಾಗ.

ಬಯಲಿನ ಎರಡೂ ಬದಿಗೆ ಬೇವಿನ ಸಾಲು. ಅತ್ತೆಯ ಮಾವನ ಕಾಲದವರು ನೆಟ್ಟದ್ದು. ಗಾಳಿ ತಡೆಯುತ್ತದೆ, ಬಿಸಿಲು ಸೋಸುತ್ತದೆ. ಒಂದು ಮೂಲೆಯಲ್ಲಿ ಕಾಶೀಂಬಿ ಬಣ್ಣ ಹಾಕಿದ ನೂಲಿನ ಲಡಿಗಳು ಒಣಗುತ್ತವೆ. ಜಾಗ ಮಾತ್ರ ನಮ್ಮದಲ್ಲ. ಗಾಂವಠಾಣಾ, ಅಂದರೆ ಊರೊಟ್ಟಿನದು. ಪಂಚಾಯ್ತಿಯ ಹೆಸರಿನಲ್ಲಿದೆ.

೨೦೦೬ರ ಜನವರಿಯಲ್ಲಿ ನಮ್ಮ ವಾರ್ಡಿನ ಮೆಂಬರ್ ಅಜಯಕುಮಾರ ಓಣಿಗೆ ಬಂದು ನಮ್ಮ ಕಟ್ಟೆಯ ಮೇಲೆ ಕೂತ. ಬಯಲಿನಲ್ಲಿ ಸಮುದಾಯ ಭವನ ಕಟ್ಟಲು ಸರ್ಕಾರದ ಅನುದಾನ ಬಂದಿದೆ, ಗ್ರಾಮಸಭೆ ಹೂಂ ಅಂದರೆ ಕೆಲಸ ಶುರು ಎಂದ.

“ಊರಿಗೆ ಭವನ ಬೇಕಲ್ಲ, ಆಯಿ? ಬಡವರ ಮನಿ ಮದುವಿ ರಸ್ತೆದಾಗ ಆಗಾಕತ್ತಾವು. ಮಂದೀನ ಹೊತಗೊಂಡು ರೋಣದ ಕಲ್ಯಾಣ ಮಂಟಪಕ್ಕ ಎಷ್ಟು ದಿನಾ ಅಡ್ಡಾಡೂದು?”

“ಬೇಕಪ್ಪಾ. ಯಾರು ಬ್ಯಾಡಂದ್ರು? ಬ್ಯಾರೆ ಕಡೆ ಕಟ್ರಿ.”

“ಬ್ಯಾರೆ ಜಾಗಾನ ಇಲ್ಲ. ನಿಮಗ ಹಾಸು ಹಾಕಾಕ ಹಳ್ಳದ ದಂಡಿಗೆ ತೋರಸ್ತೇನಿ.”

“ಅಲ್ಲಿ ಗಾಳಿಗೆ ಹಾಸು ನಿಲ್ಲೂದಿಲ್ಲ. ಗಂಜಿಗೆ ಧೂಳಿ ಹತ್ತಿದ್ರ ಆ ಸೀರಿ ನಿಮ್ಮವ್ವ ಉಡತಾಳೇನು?”

ಅವನು ತಲೆ ಕೆರೆದುಕೊಂಡ. “ಊರೆಲ್ಲಾ ಒಂದ ಕಡಿ ಐತಿ, ಐದು ಮನಿ ಒಂದ ಕಡಿ. ಬಹುಮತ ಬಿಟ್ಟು ನಾ ಹ್ಯಾಂಗ ಹೋಗ್ಲಿ, ನೀನ ಹೇಳ ಆಯಿ.”

ಅಜಯಕುಮಾರ ಲುಚ್ಚನಾಗಿದ್ದರೆ ನಮಗೆ ಸುಲಭವಾಗುತ್ತಿತ್ತು. ನಾಲ್ಕು ಶಾಪ ಹಾಕಿ ಹಗುರಾಗುತ್ತಿದ್ದೆವು. ಅವನು ಒಳ್ಳೆಯ ಹುಡುಗ. ಸಾಲೆಗೆ ನೀರು ತಂದವನು. ಅವನ ತಂಗಿಯ ಮದುವೆ ರಸ್ತೆಯಲ್ಲಿ ನಡೆದಾಗ ಮಳೆ ಬಂದು ಅನ್ನದ ಕೊಪ್ಪರಿಗೆಗೆ ನೀರು ತುಂಬಿದ್ದನ್ನು ಊರೇ ನೋಡಿತ್ತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಅವನು ಎದ್ದು ಹೋದ ಮೇಲೆ ಅತ್ತೆ ನನ್ನ ಪುಸ್ತಕದ ಕಡೆ ಕೈ ತೋರಿಸಿದಳು. “ಅದರಾಗ ಇದಕ್ಕೇನರ ಐತೇನು?”

ಇತ್ತು. ಬಹುಮತ ಇದೆಯೆಂದು ಅಲ್ಪಸಂಖ್ಯೆಯವರ ಬದುಕನ್ನು ತುಳಿಯಬಾರದು ಎಂದು ಒಂದು ಪುಟ ತುಂಬ ಬರೆದಿತ್ತು. ಯಾರು ತಡೆಯುತ್ತಾರೆ ಎಂದು ಕೇಳಿದಳು. ನ್ಯಾಯಾಲಯ ತಡೀತೈತ್ರಿ ಅಂದೆ. ಮರುದಿನ ಅತ್ತೆ, ನಮ್ಮ ಓಣಿಯ ಸಕ್ಕೂಬಾಯಿ, ನಾನು ರೋಣಕ್ಕೆ ಹೋಗಿ ಒಬ್ಬ ವಕೀಲರನ್ನು ಕಂಡೆವು. ಅವರು ಸಮಾಧಾನದಿಂದ ಕೇಳಿದರು. ನಿಮ್ಮ ಹತ್ತಿರ ಕಾಗದಪತ್ರ ಏನೂ ಇಲ್ಲ, ಈಗ ಮಾಡಬೇಕಾದ್ದು ಒಂದೇ, ಗ್ರಾಮಸಭೆಯಲ್ಲಿ ಎದ್ದು ನಿಂತು ತಕರಾರು ಹೇಳಿರಿ, ಅಲ್ಲಿ ಸುಮ್ಮನಿದ್ದು ಆಮೇಲೆ ಅಳುತ್ತ ಬಂದರೆ ಯಾರೂ ಕೇಳುವುದಿಲ್ಲ ಎಂದರು. ಫೀ ಬೇಡವೆಂದರು. ಬಸ್ಸಿನಲ್ಲಿ ಅತ್ತೆ ಇಡೀ ದಾರಿ ತುಟಿ ಅಲ್ಲಾಡಿಸುತ್ತಿದ್ದಳು. ಜಪ ಮಾಡುತ್ತಿದ್ದಾಳೆ ಅಂದುಕೊಂಡೆ. ಸಭೆಯಲ್ಲಿ ಆಡುವ ಮಾತು ಹೊಂದಿಸುತ್ತಿದ್ದಳು.

ಸಕ್ಕೂಬಾಯಿಯ ಬಗ್ಗೆ ಹೇಳಬೇಕು. ಶಿರೋಳದಿಂದ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ಅವನ ಮಗ್ಗಕ್ಕೆ ತಾನೇ ಇಳಿದಳು. ಅವಳ ಮನೆಗೆ ಬೇರೆ ದುಡಿಮೆ ಇಲ್ಲ, ದುಡಿಯುವ ಬೇರೆ ಕೈಯೂ ಇಲ್ಲ. ಎರಡು ಹೆಣ್ಣುಮಕ್ಕಳು ಸಾಲೆಗೆ ಹೋಗುತ್ತವೆ. ನಮಗಾದರೂ ಟಂಟಂ ಇತ್ತು. ಬಯಲು ಹೋದರೆ ಅವಳು ಮಕ್ಕಳನ್ನು ಕರೆದುಕೊಂಡು ಎಲ್ಲಿ ಹೋಗಬೇಕು ಎಂಬ ಪ್ರಶ್ನೆಗೆ ಓಣಿಯಲ್ಲಿ ಯಾರೂ ಉತ್ತರ ಹೇಳುತ್ತಿರಲಿಲ್ಲ. ಕೇಳುವುದನ್ನೂ ಬಿಟ್ಟಿದ್ದೆವು.

ಫೆಬ್ರುವರಿಯಲ್ಲಿ ಎರಡು ಸಲ ಗ್ರಾಮಸಭೆ ಕರೆದರು. ಗಂಡಸರು ಬಂದು ಕೂತು, ಹಿರಿಯರು ಮಾತು ತೆಗೆದ ಮೇಲೆ ಹೆಂಗಸರು ಹೋಗಿ ಹಿಂದೆ ನಿಲ್ಲುವುದು ನಮ್ಮೂರ ರೂಢಿ. ಎರಡೂ ಸಲ ನಾವು ತಲೆ ಬಾಚಿಕೊಂಡು, ಸೆರಗು ಹೊದ್ದು, ಕರೆ ಬರಲೆಂದು ಕಟ್ಟೆಯ ಮೇಲೆ ಕಾದು ಕೂತೆವು. ಎರಡೂ ಸಲ ಮಹಾದೇವಪ್ಪ ಬಂದು, ಸಭೆ ಮುಂದಕ್ಕೆ ಹೋಯಿತು, ಕೋರಂ ಆಗಲಿಲ್ಲವಂತೆ ಅಂದ. ಕೋರಂ ಅಂದರೇನೆಂದು ಅತ್ತೆ ಕೇಳಿದಳು. ಮಂದಿ ಸಾಲಲಿಲ್ಲ ಅಂತ ಅರ್ಥ ಎಂದೆ. ದೇವರು ದೊಡ್ಡವನು ಎಂದು ಕಾಶೀಂಬಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಮಾರ್ಚ್ ಮುಗಿಯುತ್ತ ಬಂದಿತ್ತು. ಆ ದಿನ ಸಕ್ಕೂಬಾಯಿಯ ಹಾಸು. ಬೆಳಕು ಹರಿಯುವ ಮೊದಲೇ ಎಳೆದು ಬಿಗಿದಿದ್ದೆವು. ಜೋಳದ ಗಂಜಿ ತಣ್ಣಗಾಗಿತ್ತು. ಗಂಜಿ ಹಚ್ಚಿ ಮುಗಿಸಿ, ಈ ಬದಿಗೆ ಅತ್ತೆ ಮತ್ತು ನಾನು, ಆ ಬದಿಗೆ ಸಕ್ಕೂಬಾಯಿ ಮತ್ತು ಕಾಶೀಂಬಿ, ಹಿಂದೆ ಉಳಿದ ಮನೆಗಳವರು, ಬಾಚಲು ಶುರುಮಾಡಿದ್ದೆವು. ಆಗ ಡಂಗುರದವನು ಬಂದ. ಓಣಿಯ ಬಾಯಲ್ಲಿ ನಿಂತು ಬಡಿದು ಸಾರಿದ.

“ಕೇಳ್ರಪೋ ಕೇಳ್ರಿ. ಇವತ್ತು, ಈಗಿಂದೀಗ, ಸಾಲಿ ಕಟ್ಟಿ ಮುಂದ ಗ್ರಾಮಸಭಾ ಐತಿ. ಭವನದ ಠರಾವು ಇವತ್ತ ಆಗೂದೈತಿ. ಎಲ್ಲಾರೂ ಬರಬೇಕು. ಬಾರದವರದು ಒಪ್ಪಿಗಿ ಅಂತ ತಿಳಕೊಳ್ಳಲಾಗ್ತೈತಿ.”

ಕುಂಚಗಳು ನಿಂತವು.

ಒಪ್ಪಿಗೆಯಲ್ಲಿ ಎರಡು ಬಗೆ ಎಂದು ನಾನು ಓದಿದ್ದೆ. ಬಾಯಿಬಿಟ್ಟು ಕೊಟ್ಟದ್ದು ಒಂದು, ಸುಮ್ಮನಿದ್ದುದರಿಂದ ಕೊಟ್ಟಂತಾಗುವುದು ಇನ್ನೊಂದು. ಪರೀಕ್ಷೆಗೆ ಬರುವ ಪ್ರಶ್ನೆ ಎಂದು ಗುರುತು ಹಾಕಿಕೊಂಡೂ ಇದ್ದೆ. ಆ ಗುರುತು ಹಾಕಿದ ಸಾಲು ತಮಟೆ ಬಡಿದುಕೊಂಡು ನಮ್ಮ ಓಣಿಗೇ ಬರುತ್ತದೆ ಎಂದು ಅಂದುಕೊಂಡಿರಲಿಲ್ಲ.

“ನಾವು ಹೂಂ ಅಂದಂಗ ಆಗ್ತೈತಿ?” ಅತ್ತೆ ಡಂಗುರದವನನ್ನೇ ಕೇಳಿದಳು. “ಇಲ್ಲಿ ಕೈ ಬಿಡಾಕ ಬರಲಾರದ ಹೊತ್ತಿನ್ಯಾಗ ಕರದು, ಬರಲಿಲ್ಲಂದ್ರ ನಾವು ಒಪ್ಪೇವಿ ಅಂತೀರೇನು?”

“ನನಗೇನ ಗೊತ್ತವಾ. ಸಾರು ಅಂದ್ರು, ಸಾರಿದೆ.” ಅವನು ಮುಂದಿನ ಓಣಿಗೆ ಹೋದ.

ನಾನು ಹೇಳಿದೆ, “ಅತ್ತಿ, ನೀವು, ಕಾಶೀಂಬಿ ಚಿಗವ್ವ ಇಬ್ರು ಹೋಗ್ರಿ. ನಾವು ಉಳದೋರು ಹ್ಯಾಂಗರ ಮಾಡಿ ಹಾಸು ಮುಗಸ್ತೀವಿ.”

“ಇಬ್ರು ಹೋದ್ರ ಇಬ್ರ ತಕರಾರ ಆಗ್ತೈತಿ. ಉಳದೋರು ಒಪ್ಪಿದೋರಾಗ್ತೀರಿ. ಕೇಳಲಿಲ್ಲೇನು ಅವ ಅಂದದ್ದು?”

“ಹಾಸು ಕೆಡ್ತೈತ್ರಿ.”

ಅತ್ತೆ ಸಕ್ಕೂಬಾಯಿಯ ಕಡೆ ನೋಡಿದಳು. ಅವಳ ಹಾಸಾಗಿದ್ದರೆ ಆಗಲೇ ಹೊರಟಿರುತ್ತಿದ್ದಳು. ಇನ್ನೊಬ್ಬರ ತೊಯ್ದ ಹಾಸನ್ನು ಬಿಟ್ಟು ಎದ್ದವರು ನಮ್ಮ ಓಣಿಯಲ್ಲಿ ಈವರೆಗೆ ಯಾರೂ ಇಲ್ಲ. ಅಂಥದ್ದನ್ನು ಮಾಡು ಎಂದು ಹಾಸಿನ ಒಡತಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಸಕ್ಕೂಬಾಯಿಯೇ ಕುಂಚ ಕೆಳಗಿಟ್ಟಳು. “ನಡಿ ಅಕ್ಕಾ. ಬಯಲ ಹೋತಂದ್ರ ಈ ಹಾಸು ನೇದು ಮುಂದಿನ ಹಾಸು ಎಲ್ಲಿ ಹಾಕ್ಲಿ? ಇದು ಹೋಗ್ಲಿ.” ಹೀಗೆ ಹೇಳುವಾಗ ಅವಳ ಕೈ ಮಾತ್ರ ಎಳೆಗಳ ಮೇಲೇ ಇತ್ತು. ಬಿಡಿಸಿಕೊಂಡು ಬಂದಳು.

ಎಲ್ಲರೂ ಹೊರಟೆವು. ಕೈಗೆ ಗಂಜಿ, ಸೆರಗಿಗೆ ಗಂಜಿ. ಕಾಶೀಂಬಿಯ ಕೈ ಮೊಣಕೈ ತನಕ ಕೆಂಪು. ಬಿಸಿಲು ಬೇವಿನ ಎಲೆ ದಾಟಿ ಹಾಸಿನ ಮೇಲೆ ಬೀಳುತ್ತಿತ್ತು. ಓಣಿ ತಿರುಗುವಲ್ಲಿ ಸಕ್ಕೂಬಾಯಿ ಹಿಂದೆ ನೋಡಿದಳು. ಅತ್ತೆ ಅವಳ ರಟ್ಟೆ ಹಿಡಿದು ಮುಂದಕ್ಕೆ ಎಳೆದುಕೊಂಡಳು. ನಾವು ನಡೆಯಲಿಲ್ಲ, ಓಡಿದೆವು. ಈ ಸಲ ಗಂಡಸರು ಕೂರಲಿ ಎಂದು ಕಾಯುವ ಮಾತೇ ಇರಲಿಲ್ಲ.

ಸಾಲೆಯ ಕಟ್ಟೆಯ ಮುಂದೆ ಊರ ಗಂಡಸರು ಜಮಖಾನೆ ತುಂಬ ಕೂತಿದ್ದರು. ಮುರ್ತುಜಾಸಾಬ ಕಂಬಕ್ಕೆ ಒರಗಿ ಕೂತಿದ್ದ. ಮಹಾದೇವಪ್ಪನೂ ಇದ್ದ, ನನ್ನನ್ನು ನೋಡಿ ಬೇರೆ ಕಡೆ ನೋಡಿದ. ಹೆಂಗಸರು ಅಲ್ಲೊಬ್ಬರು ಇಲ್ಲೊಬ್ಬರು. ಮೇಜಿನ ಹಿಂದೆ ಪಂಚಾಯ್ತಿ ಕಾರ್ಯದರ್ಶಿ ಪೆನ್ನು ಕಚ್ಚುತ್ತ ದಾರಿ ನೋಡುತ್ತಿದ್ದರು. ನಾವು ಬಯ್ಗುಳಕ್ಕೆ, ಜಗಳಕ್ಕೆ ತಯಾರಾಗಿ ಬಂದಿದ್ದೆವು. ಅವರು ಎದ್ದು ನಿಂತು ಕೈ ಮುಗಿದರು.

“ಬರ್ರಿ ತಾಯಂದಿರ, ಬರ್ರಿ. ಏ, ಕುರ್ಚಿ ಬಿಡ್ರಿ ಅವರಿಗೆ. ಮುಂದ ಕುಂದರ್ರಿ.”

ಗಂಡಸರು ಎದ್ದು ಜಾಗ ಬಿಟ್ಟರು. ನನ್ನ ಮದುವೆಯಾದಾಗಿನಿಂದ ಈ ಊರಲ್ಲಿ ಗಂಡಸರು ಕುರ್ಚಿ ಬಿಟ್ಟದ್ದನ್ನು ನಾನು ನೋಡಿರಲಿಲ್ಲ. ಚಹಾ ಬಂತು. ಹಾಜರಿ ಪುಸ್ತಕ ಬಂತು. ನಾನು ಪೂರಾ ಹೆಸರು ಬರೆದು ಸಹಿ ಮಾಡಿದೆ. ಅತ್ತೆಯ ಹೆಬ್ಬೆರಳಿಗೆ ಗಂಜಿ ಮೆತ್ತಿತ್ತು, ಶಾಯಿ ಹಿಡಿಯಲಿಲ್ಲ. ಸೀರೆಗೆ ಒರೆಸಿಕೊಂಡು ಇನ್ನೊಮ್ಮೆ ಜೋರಾಗಿ ಒತ್ತಿದಳು. ಅವರು ಕೇಳುವ ತಯಾರಿಯಲ್ಲಿದ್ದಾರೆ ಎಂದು ನನಗೆ ಅನಿಸಿತು. ಪುಸ್ತಕದಲ್ಲಿ ಬರೆದದ್ದು ನಿಜ, ಎದ್ದು ಬಂದರೆ ಸಾಕು ಎಂದುಕೊಂಡೆ. ಎದೆ ತುಂಬಿ ಬಂದಿತ್ತು.

ಅಜಯಕುಮಾರ ಬಯಲಿನಲ್ಲಿ ಭವನ ಕಟ್ಟುವ ಠರಾವು ಓದಿದ. ಯಾರದಾದರೂ ತಕರಾರು ಇದೆಯೇ ಎಂದು ಕೇಳಿದ. ಅತ್ತೆ ಎದ್ದಳು. ಬಸ್ಸಿನಲ್ಲಿ ಹೊಂದಿಸಿದ ಮಾತೆಲ್ಲ ಮರೆತುಹೋಗಿತ್ತೆಂದು ಕಾಣುತ್ತದೆ.

“ನನಗ ಮಾತಾಡಾಕ ಬರೂದಿಲ್ಲ,” ಅಂದಳು. “ನಿಮ್ಮ ಮನಿ ಮದುವಿ ಚಲೋ ಆಗ್ಲಿ ಅಂತ ನಮಗೂ ಐತಿ. ಆ ಮದುವಿಗಿ ಸೀರಿ ನೇಯೋರು ನಾವ ಅಲ್ಲೇನು? ಭವನ ಕಟ್ರಿ, ಆದ್ರ ಅಲ್ಲಿ ಬ್ಯಾಡ್ರಿ. ನಿಮಗ ಅದು ಬರೇ ಬಯಲ. ನಮಗ ಅದು ಹೊಲ. ನಿಮ್ಮ ಹೊಲದಾಗ ಯಾರರ ಬಂದು, ಊರಿಗೆ ಬೇಕು, ಕೈ ಎತ್ರಿ ಅಂದ್ರ ನೀವು ಕೊಡತೀರೇನು? ಸಕ್ಕೂಬಾಯಿಗೆ ಎರಡು ಹುಡುಗ್ಯಾರು ಅದಾವು. ಅಕಿ ಏನ ತಿನ್ನಬೇಕು? ಈಗ ಅಕಿ ತೊಯ್ಯಿಸಿದ ಹಾಸು ಬಿಸಿಲಾಗ ಬಿಟ್ಟು ಬಂದೇವಿ. ಯಾವ ನೇಕಾರನೂ ಹಿಂಗ ಮಾಡೂದಿಲ್ಲ. ನನಗ ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಅಂಜಿಕಿ ಐತಿ. ಭಾಳ ಅಂಜಿಕಿ ಐತಿ ನನಗ.”

ಮುಂದೆ ಕೂತ ಒಬ್ಬ ಮುದುಕ ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡ. ಅಜಯಕುಮಾರ ನೆಲ ನೋಡುತ್ತ ನಿಂತಿದ್ದ. ಮತ್ತೆ ಯಾರೋ ಹಿಂದಿನಿಂದ, ಪಾಪ, ಖರೇ ಐತಿ ಅಂದರು. ನಾನು ಸಕ್ಕೂಬಾಯಿಯ ಕೈ ಹಿಡಿದೆ.

ಆಮೇಲೆ ಕಾರ್ಯದರ್ಶಿ, ಭವನ ಅಲ್ಲೇ ಆಗಲಿ ಎನ್ನುವವರು ಕೈ ಎತ್ತಿ ಎಂದರು.

ಕೈಗಳು ಎದ್ದವು. ಮೊದಲು ನಾಲ್ಕು, ಆಮೇಲೆ ಜಮಖಾನೆ ತುಂಬ. ಕಣ್ಣೊರೆಸಿಕೊಂಡ ಮುದುಕನೂ ಎತ್ತಿದ, ಅದೇ ಕೈ. ಮಹಾದೇವಪ್ಪ ನನ್ನ ಕಡೆ ನೋಡಿ, ಕೈ ಎತ್ತಿ, ಕಿವಿ ಕೆರೆದುಕೊಂಡು, ಕೈಯನ್ನು ಅಲ್ಲೇ ಕಿವಿಯ ಹತ್ತಿರ ಇಟ್ಟುಕೊಂಡ. ಅದು ಯಾವ ಕಡೆಯ ಕೈ ಎಂದು ನನಗೆ ತಿಳಿಯಲಿಲ್ಲ. ಕಾರ್ಯದರ್ಶಿ ಎಣಿಸಿಕೊಂಡರು. ಬೇಡ ಎನ್ನುವವರು ಎಂದಾಗ ನಮ್ಮ ಗಂಜಿಯ ಕೈಗಳು, ಕಾಶೀಂಬಿಯ ಕೆಂಪು ಕೈ, ಕಂಬದ ಹತ್ತಿರ ಮುರ್ತುಜಾಸಾಬನ ಕೈ, ಇಷ್ಟು ಎದ್ದವು. ಮಹಿಳೆಯರ ಆಕ್ಷೇಪ ಆಲಿಸಿ, ಚರ್ಚಿಸಿ, ಬಹುಮತದಿಂದ ಒಪ್ಪಲಾಯಿತು ಎಂದು ಕಾರ್ಯದರ್ಶಿ ಗಟ್ಟಿಯಾಗಿ ಹೇಳುತ್ತ ಬರೆದುಕೊಂಡರು. ಎಲ್ಲವೂ ಸರಿಯಾಗಿತ್ತು. ಯಾರೂ ಬಯ್ಯಲಿಲ್ಲ, ತಳ್ಳಲಿಲ್ಲ, ಮೋಸದಿಂದ ಎಣಿಸಲಿಲ್ಲ. ತಪ್ಪು ಹಿಡಿಯಲು ನಾನು ಹುಡುಕುತ್ತಲೇ ಇದ್ದೆ, ಸಿಗಲಿಲ್ಲ.

ಮಂದಿ ಏಳತೊಡಗಿದರು. ಅಜಯಕುಮಾರ ಅತ್ತೆಯ ಮುಂದೆ ಬಂದು ಕೈ ಮುಗಿದ.

“ಬ್ಯಾಸರ ಮಾಡ್ಕೋಬ್ಯಾಡ ಆಯಿ. ನೀವು ಬಂದು ಹೇಳಿದ್ರಲ್ಲ, ಅದ ದೊಡ್ಡದು. ನೀವು ಬರಲಿಲ್ಲಂದ್ರ ಇವತ್ತೂ ಸಭಾ ಆಗ್ತಿದ್ದಿಲ್ಲ.”

“ಯಾಕಪಾ?”

ಅವನಿಗಿಂತ ಮೊದಲು ಕಾರ್ಯದರ್ಶಿ ಉತ್ತರ ಕೊಟ್ಟರು. ಚಹಾದ ಬಸಿ ಕೈಯಲ್ಲಿತ್ತು, ಮುಖ ಹಗುರಾಗಿತ್ತು. “ಕಾನೂನು ಐತ್ರಿ ಅಮ್ಮಾ. ಸಭಾಕ್ಕ ಇಷ್ಟು ಮಂದಿ ಹೆಣ್ಮಕ್ಕಳು ಇರಬೇಕು ಅಂತ. ಹೋದ ಎರಡೂ ಸಲ ಗಂಡಸರು ಬೇಕಾದಷ್ಟು ಇದ್ರು, ಹೆಂಗಸರು ಇಲ್ಲಂತ ರದ್ದು ಮಾಡಿದ್ವಿ. ಈ ತಿಂಗಳದಾಗ ಠರಾವು ಆಗ್ಲಿಲ್ಲಂದ್ರ ಅನುದಾನ ವಾಪಸ್ ಹೋಗ್ತಿತ್ತು. ಮುಂಜಾನಿಂದ ದಾರಿ ನೋಡಿ ನೋಡಿ ಸಾಕಾಗಿತ್ತು. ಅಷ್ಟರಾಗ ನೀವು ಇಡೀ ಓಣಿ ಬಂದ್ರಿ.”

ನನಗೆ ಮೊದಲು ಅರ್ಥವಾಗಲಿಲ್ಲ, ಅಥವಾ ಅರ್ಥ ಮಾಡಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಅತ್ತೆ ಕೇಳಿದಳು.

“ಹಂಗಾರ, ನಾವು ಅಲ್ಲೇ ಇದ್ದಿದ್ರ?”

“ಸಭಾ ಆಗ್ತಿದ್ದಿಲ್ಲ.”

“ಭವನ?”

“ರೊಕ್ಕನ ಇಲ್ಲಂದ ಮ್ಯಾಲೆ ಭವನ ಎಲ್ಲೀದು?”

“ಬಾರದವರದು ಒಪ್ಪಿಗಿ ಅಂತ ಸಾರಿದ್ರಲ್ರಿ.”

“ಅದು ಸುಮ್ನ, ಅಮ್ಮಾ. ಮಂದಿ ಬರಲಿ ಅಂತ ಅನ್ನಿಸಿದ್ದು. ಕಾನೂನಿನ್ಯಾಗ ಹಂಗೇನಿಲ್ಲ.”

ಆ ಹೊತ್ತಿಗೆ ಅಜಯಕುಮಾರನಿಗೆ ನಾವು ಬಂದು ಏನು ಮಾಡಿಕೊಂಡೆವೆಂದು ತಿಳಿಯಿತು. ಅವನ ಮುಖ ಸುಟ್ಟ ಹಾಗಾಯಿತು. ಸರ್, ಸಾಕ್ರಿ ಅಂದ. ಸಕ್ಕೂಬಾಯಿ ನಿಂತಲ್ಲೇ ಕೂತಳು. ಕೂತವಳು ಅಳಲಿಲ್ಲ, ತನ್ನ ಅಂಗೈಗೆ ಒಣಗಿ ಅಂಟಿದ ಗಂಜಿಯನ್ನು ಉಗುರಿನಿಂದ ಕೆರೆದು ತೆಗೆಯತೊಡಗಿದಳು. ಅವಳ ಹಾಸು ಬಯಲಿನಲ್ಲಿ ಹಲಗೆಯಂತೆ ಒಣಗಿರುವ ಹೊತ್ತು ಅದು. ನನಗೆ ಕೂಗಬೇಕೆನಿಸಿತು. ಯಾರನ್ನು ಬಯ್ದು ಕೂಗಬೇಕೋ ತಿಳಿಯಲಿಲ್ಲ.

ಅತ್ತೆ ಮೇಜಿನ ಹತ್ತಿರ ಹೋದಳು. ಹಾಜರಿ ಪುಸ್ತಕ ಇನ್ನೂ ತೆರೆದೇ ಇತ್ತು. ತನ್ನ ಹೆಬ್ಬೆಟ್ಟಿನ ಗುರುತು ಯಾವುದೆಂದು ಅವಳಿಗೆ ಗೊತ್ತಿತ್ತು, ಎರಡು ಸಲ ಒತ್ತಿದ್ದು ಅದೊಂದೇ. ಅದರ ಮೇಲೆ ಬೆರಳಿಟ್ಟಳು.

“ಇದನ್ನ ತಗೀರಿ.”

“ಏನು ಅಮ್ಮಾ?”

“ನನ್ನ ಹೆಬ್ಬಟ್ಟು. ತಗೀರಿ ಇದನ್ನ. ನಾವು ಬಂದಿಲ್ಲ ಅಂತ ಬರಕೋರಿ.”

ಕಾರ್ಯದರ್ಶಿಯ ನಗೆ ಹೋಯಿತು. ಅವರೂ ಕೆಟ್ಟವರಲ್ಲ. ಮೆಲ್ಲಗೆ ಹೇಳಿದರು, “ಹಂಗ ಬರೂದಿಲ್ರಿ. ಬಂದದ್ದು ಎಲ್ಲಾರೂ ನೋಡ್ಯಾರ.”

“ನೋಡಿದ್ರ ಏನಾತ್ರಿ? ಇಷ್ಟು ವರ್ಷ ನಾವು ಆ ಬಯಲಾಗ ಇದ್ದದ್ದನ್ನೂ ಎಲ್ಲಾರೂ ನೋಡ್ಯಾರ. ಅದನ್ನ ಯಾರೂ ಬರಕೊಂಡಿಲ್ಲ. ಇದನ್ನೂ ಬರಕೋಬ್ಯಾಡ್ರಿ.”

ಕಾಶೀಂಬಿ ಮುಂದೆ ಬಂದಳು. “ನಂದೂ ತಗೀರಿ ಸಾಹೇಬ್ರ.” ಆಮೇಲೆ ಉಳಿದವರು ಬಂದರು. ಸಹಿ ಮಾಡಲು ನಿಂತ ಹಾಗೆಯೇ ಸಾಲಾಗಿ ನಿಂತರು. ನಾನೂ ನಿಂತೆ. ಪೂರಾ ಬರೆದ ನನ್ನ ಹೆಸರು ಅಲ್ಲಿ ನೀಟಾಗಿ ಕೂತಿತ್ತು. ಊರ ಗಂಡಸರು ಹೋಗುತ್ತಿದ್ದವರು ನಿಂತು ನೋಡಿದರು. ಮುರ್ತುಜಾಸಾಬ ಬಂದು ಸಕ್ಕೂಬಾಯಿಯನ್ನು ಏಳವಾ ತಂಗಿ, ಏಳು ಎನ್ನುತ್ತಿದ್ದ. ಅವಳು ಏಳಲಿಲ್ಲ.

ಕಾರ್ಯದರ್ಶಿ ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಅತ್ತೆ ಅವರ ಮುಂದೆ ಹೋಗಿ ನಿಂತಳು. ಜೀವಮಾನದಲ್ಲಿ ಯಾರ ಮುಂದೆಯೂ ಬಾಗದವಳು ಬಾಗಿ ಅವರ ಕಾಲಿನ ಹತ್ತಿರ ನೆಲ ಮುಟ್ಟಿದಳು. ಎದ್ದು ಕೈ ಮುಗಿದಳು. ಅವಳ ದನಿ ತಗ್ಗಿತ್ತು. ಮಗುವಿಗೆ ತಿಳಿಸಿ ಹೇಳುವ ಹಾಗೆ ಹೇಳಿದಳು.

“ನಾವು ಬಂದಿಲ್ರಿ ಸಾಹೇಬ್ರ. ಬಯಲಾಗ ಅದೇವಿ. ಸಕ್ಕೂಬಾಯಿ ಹಾಸು ತೊಯ್ದೈತಿ, ಎಲ್ಲಾರೂ ಅಲ್ಲೇ ಬಾಚಾಕತ್ತೇವಿ. ಒಬ್ಬಾಕಿನೂ ಇಲ್ಲಿ ಬಂದಿಲ್ಲ.”

ಕಾರ್ಯದರ್ಶಿ ಕಂಕುಳಿನ ಪುಸ್ತಕವನ್ನು ಇನ್ನಷ್ಟು ಒತ್ತಿ ಹಿಡಿದರು. ಆಮೇಲೆ ಬದಿಗೆ ಸರಿದು, ಮೋಟರ್ ಸೈಕಲ್ಲಿನ ಕಡೆ ನಡೆದರು.